ಕಣ್ಣು ಮುಚ್ಚಿ ನಡೆಯುವ ಪಾಠ

ನಿಂತುಕೊಳ್ಳುವುದೂ ಒಂದು ಕೆಲಸ ಎಂಬುದು ಅರವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ನಾನು ಹಾನಗಲ್ಲಿನಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದವನು. ಪಾಠ ಒಪ್ಪಿಸದ ಹುಡುಗರಿಗೆ ಕೊಡುವ ಶಿಕ್ಷೆಗಳಲ್ಲಿ ನಿಲ್ಲಿಸುವುದೇ ಎಲ್ಲಕ್ಕಿಂತ ಹಗುರವಾದದ್ದೆಂದು ತಿಳಿದಿದ್ದೆ. ಮರ ನಿಲ್ಲುತ್ತದೆ, ಗೋಡೆ ನಿಲ್ಲುತ್ತದೆ, ಮನುಷ್ಯ ನಿಂತರೆ ಏನು ದೊಡ್ಡದು? ಆದರೆ ಮರಕ್ಕೆ ಬೇರುಂಟು, ಗೋಡೆಗೆ ತಳಪಾಯವುಂಟು. ನಮಗಿರುವುದು ಎರಡು ಅಂಗಾಲು. ಅವುಗಳ ಮೇಲೆ ಇಷ್ಟುದ್ದದ ದೇಹ, ದೇಹದ ತುದಿಯಲ್ಲಿ ತಲೆ ಎಂಬ ತುಂಬಿದ ಕೊಡ. ಅದನ್ನು ಚೆಲ್ಲದ ಹಾಗೆ ಹೊತ್ತುಕೊಂಡು ಜೀವಮಾನವಿಡೀ ಓಡಾಡುತ್ತೇವೆ, ಮತ್ತು ಅದನ್ನು ಏನೂ ಅಲ್ಲವೆಂದುಕೊಂಡಿರುತ್ತೇವೆ. ಕೊಡ ಒಮ್ಮೆ ತುಳುಕಿದ ಮೇಲೆಯೇ ತಿಳಿಯುವುದು.

ನನ್ನ ಕೊಡ ತುಳುಕಿದ್ದು ಎರಡನೆಯ ಮಹಾಯುದ್ಧ ಮುಗಿದ ವರ್ಷ, ತಾರಕೇಶ್ವರನ ಗುಡಿಯಲ್ಲಿ.

ಅದಕ್ಕೆ ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು. ಪಾರ್ವತಿಗೆ ಕಣ್ಣು ಮಂಜಾಗುತ್ತ ಬಂದು ಕೆಲವು ವರ್ಷಗಳಾಗಿದ್ದವು. ಮೊದಲು ಬೆಳಗಿನ ಮಂಜಿನಂತೆ ಕಂಡ ಲೋಕ ಆಮೇಲೆ ಹಾಲಿನೊಳಗಿಂದ ಕಂಡಂತಾಯಿತು. ಕೊನೆಗೆ ಹಗಲು ಯಾವುದು ಇರುಳು ಯಾವುದು ಎಂಬುದಷ್ಟೇ ಉಳಿಯಿತು. ಪೊರೆ ತೆಗೆಸಿಕೊಳ್ಳಲು ಅವಳು ಒಪ್ಪಿರಲಿಲ್ಲ. ಅವಳ ಚಿಕ್ಕವ್ವನೊಬ್ಬಳು ಯಾರೋ ಊರೂರು ತಿರುಗುವವನ ಕೈಯಲ್ಲಿ ಪೊರೆ ತೆಗೆಸಿಕೊಳ್ಳಲು ಹೋಗಿ ಇದ್ದ ಬೆಳಕನ್ನೂ ಕಳೆದುಕೊಂಡಿದ್ದಳು. ಹೀಗಾಗಿ ಪಾರ್ವತಿಯ ಕಣ್ಣಿನ ಕೆಲಸ ನನ್ನ ಪಾಲಿಗೆ ಬಂತು. ಸೋಮವಾರ ಬಂದರೆ ಅವಳು ನನ್ನ ಮೊಳಕೈ ಹಿಡಿದುಕೊಳ್ಳುವಳು, ಇಬ್ಬರೂ ಗುಡಿಗೆ ಹೋಗುವೆವು. ದಾರಿಯುದ್ದಕ್ಕೂ ನಾನು ವರದಿ ಒಪ್ಪಿಸಬೇಕು: ಯಾರ ಮನೆಯ ಮುಂದೆ ಎಂಥ ರಂಗೋಲಿ, ಆನೆಕೆರೆಯಲ್ಲಿ ನೀರು ಎಲ್ಲಿಯವರೆಗೆ, ಮೋಡ ಯಾವ ಕಡೆಗೆ. ಶಾಲೆ ಬಿಟ್ಟ ಮಾಸ್ತರನಿಗೆ ಇದಕ್ಕಿಂತ ಸುಖ ಬೇರೊಂದಿಲ್ಲ. ಕೇಳುವವರು ಒಬ್ಬರಿದ್ದಾರೆ, ಅವರು ಎದ್ದುಹೋಗುವಂತಿಲ್ಲ. ಮೋಡ ಇಲ್ಲದ ದಿನ ಒಂದೆರಡು ಮೋಡಗಳನ್ನು ನಾನೇ ತೇಲಿಬಿಟ್ಟದ್ದೂ ಉಂಟು.

ಆ ಗುಡಿಯ ಮಂಟಪದ ನೆತ್ತಿಯಲ್ಲಿ ಕಲ್ಲಿನ ದೊಡ್ಡ ತಾವರೆಯಿದೆ. ದಳದ ಮೇಲೆ ದಳ, ಸುತ್ತಿನೊಳಗೆ ಸುತ್ತು. ನಡುವಿನ ಮೊಗ್ಗು ಕೆಳಗೆ ಜೋತುಬಿದ್ದಿದೆ. ಆವೊತ್ತು ಪಾರ್ವತಿ, "ಹೂವ ಹೆಂಗೈತಿ ಹೇಳ್ರಿ" ಎಂದಳು. ನಾನು ಕತ್ತೆತ್ತಿ ಹೊರಗಿನ ದಳಗಳಿಂದ ಶುರುಮಾಡಿದೆ. ಇನ್ನೂ ಒಳಗಿನ ಸುತ್ತಿಗೆ ಬಂದಿರಲಿಲ್ಲ, ತಾವರೆ ಮೆಲ್ಲಗೆ ತಿರುಗತೊಡಗಿತು. ಮೊದಲ ಕ್ಷಣ ನನಗೆ ಭಯವಾಗಲಿಲ್ಲ, ನಿಜ ಹೇಳುತ್ತೇನೆ, ಸಂತೋಷವಾಯಿತು. ಶತಮಾನಗಳ ಕಲ್ಲು ಕಡೆಗೂ ಅರಳುತ್ತಿದೆ ಎನಿಸಿತು. ಆಮೇಲೆ ಕಂಬಗಳೂ ಹೊರಟವು, ಕಂಬಗಳ ಹಿಂದೆ ಬಾಗಿಲಿನ ಬೆಳಕು ಹೊರಟಿತು, ನೆಲ ಎಡಗಡೆಯಿಂದ ಎದ್ದುಬಂದು ನನ್ನ ಹೆಗಲಿಗೆ ಬಡಿಯಿತು. ನನ್ನ ಮೊಳಕೈ ಹಿಡಿದಿದ್ದ ಪಾರ್ವತಿಯೂ ನನ್ನ ಜೊತೆಗೇ ಬಂದಳು. ಅವಳ ಬಳೆ ಒಡೆದ ಸದ್ದು ನನಗೆ ಎಲ್ಲೋ ದೂರದಿಂದ ಕೇಳಿಸಿತು.

ನನಗೆ ಏನೂ ಆಗಲಿಲ್ಲ. ಅವಳ ಮುಂಗೈ ಮುರಿಯಿತು.

ಇಬ್ಬರನ್ನೂ ಚಕ್ಕಡಿಯಲ್ಲಿ ಮನೆಗೆ ತಂದರು. ಅಲ್ಲಿಂದ ಮುಂದೆ ನನ್ನ ಪಾಡು ವಿಚಿತ್ರವಾಯಿತು. ಹಾಸಿಗೆಯಲ್ಲಿ ಮಗ್ಗುಲಾದರೆ ಮನೆಯ ತೊಲೆಗಳು ಹರಿಯುವ ನೀರಿನಂತೆ ಒಂದು ಕಡೆಗೆ ಸಾಗುತ್ತಿದ್ದವು. ಎದ್ದು ನಿಂತರೆ ಪಡಸಾಲೆ ದೋಣಿಯಾಗುತ್ತಿತ್ತು. ಸಮುದ್ರ ಕಾಣದ ನಾನು ಮನೆಯಲ್ಲೇ ಕುಳಿತು ಸಮುದ್ರಯಾನ ಮಾಡಿದೆ. ನೋಡಲು ಬಂದವರೆಲ್ಲ ಪಿತ್ತ ಎಂದರು. ಹಾನಗಲ್ಲಿನಲ್ಲಿ ಆಗ ಕಾಲು ಮುರಿದವನೊಬ್ಬನನ್ನು ಬಿಟ್ಟರೆ ಉಳಿದವರಿಗೆಲ್ಲ ಪಿತ್ತವೇ. ಜೀರಿಗೆಯ ಕಷಾಯ ಆಯಿತು, ನೆತ್ತಿಗೆ ಎಣ್ಣೆ ಆಯಿತು, ಲಿಂಬೆಹಣ್ಣಿನ ಪಾನಕ ಆಯಿತು. ಮಗ ಈರಣ್ಣ ಬುಟ್ಟಿ ತುಂಬ ಲಿಂಬೆಹಣ್ಣು ತಂದಿಟ್ಟು ಒಂದು ಕಾಯಿದೆಯನ್ನೂ ಮಾಡಿದ: "ಇನ್ನ ಇಬ್ಬರೂ ಹೊಸ್ತಿಲಾ ದಾಟಬ್ಯಾಡ್ರಿ. ಏನ ಬೇಕು ಕುಂತಲ್ಲೇ ಕೇಳ್ರಿ."

ಕಾಯಿದೆ ಪ್ರೀತಿಯದೇ. ಸೊಸೆ ನೀಲವ್ವ ಅದನ್ನು ಅಷ್ಟೇ ಪ್ರೀತಿಯಿಂದ ನಡೆಸಿದಳು. ನೀರು ಕೇಳುವುದರೊಳಗೆ ತಂಬಿಗೆ ಬರುತ್ತಿತ್ತು. ಆದರೆ ಮುಂಗೈಯ ಕಟ್ಟು ಬಿಚ್ಚಿದ ಮೇಲೂ ಪಾರ್ವತಿ ಕಂಬದ ಬುಡದಿಂದ ಏಳಲಿಲ್ಲ. ಸೋಮವಾರ ಬರುತ್ತಿತ್ತು, ಹೋಗುತ್ತಿತ್ತು. ಗುಡಿಯ ಗಂಟೆ ಕೇಳಿದಾಗ ಮುಖವನ್ನು ಆ ಕಡೆಗೆ ತಿರುಗಿಸುವಳು, ಅಷ್ಟೆ. ಬಿದ್ದದ್ದಕ್ಕಾಗಿ ನನ್ನನ್ನು ಅವಳು ಒಮ್ಮೆಯೂ ದೂರಲಿಲ್ಲ. ಏನು ಕಾಣುತ್ತದೆ ಎಂದು ಕೇಳುವುದನ್ನೂ ಬಿಟ್ಟಳು. ಪಡಸಾಲೆಯಲ್ಲಿ ಕುಳಿತವರಿಗೆ ಕಾಣುವುದಾದರೂ ಏನು?

ಹೀಗಿರುವಾಗ ಶಿಗ್ಗಾಂವಿಯಲ್ಲಿ ಹೊಸ ಡಾಕ್ಟರೊಬ್ಬರು ದವಾಖಾನೆ ತೆರೆದರು. ಯುದ್ಧದಲ್ಲಿದ್ದು ಬಂದವರಾದ್ದರಿಂದ ಜನ ಅವರನ್ನು ಮಿಲಿಟರಿ ಡಾಕ್ಟರು ಎನ್ನುತ್ತಿದ್ದರು. ಸಂತೆಯ ದಿನ ಹಾನಗಲ್ಲಿಗೂ ಬರುತ್ತಿದ್ದರು. ಈರಣ್ಣ ಅವರನ್ನು ಮನೆಗೆ ಕರೆತಂದ. ಪ್ರಾಯದ ಮನುಷ್ಯ, ಮಾತು ನಮ್ಮದೇ ಮಾತು. ನನ್ನ ತಲೆಯನ್ನು ಹಿಡಿದು ಆ ಕಡೆ ಈ ಕಡೆ ಹೊರಳಿಸಿ, ಮಲಗಿಸಿ, ಎಬ್ಬಿಸಿ, ನನ್ನ ಕಣ್ಣುಗಳನ್ನೇ ನೋಡುತ್ತ ಕುಳಿತರು. ಆಮೇಲೆ ಹೇಳಿದರು:

"ಪಿತ್ತ ಅಲ್ರಿ ಮಾಸ್ತರ. ನಿಮ್ಮ ಕಿವ್ಯಾಗ ಒಂದು ರಸಮಟ್ಟ ಐತಿ. ಗೌಂಡಿ ಗ್ವಾಡಿ ಮ್ಯಾಲ ಇಟ್ಟು ನೋಡತಾನಲ್ಲ, ಅಂಥಾದ್ದು. ಅದರಾಗಿನ ನೀರು ಕದಡೈತಿ. ಅದು ಒಂದ ಹೇಳತೈತಿ, ಕಣ್ಣು ಒಂದ ಹೇಳತೈತಿ, ಕಾಲು ಇನ್ನೊಂದ ಹೇಳತೈತಿ. ಮೂವರ ಜಗಳದಾಗ ನೀವು ಬೀಳತೀರಿ."

ನನ್ನ ಕೈ ತಾನಾಗಿಯೇ ಕಿವಿಗೆ ಹೋಯಿತು. ಶಾಲೆಯಲ್ಲಿ ನಾನು ಹುಡುಗರಿಗೆ ಹಿಡಿಯುತ್ತಿದ್ದದ್ದು ಅದನ್ನೇ. ಬುದ್ಧಿಯ ಕೀಲಿ ಅಲ್ಲಿದೆ ಎಂದುಕೊಂಡಿದ್ದೆ. ನೋಡಿದರೆ ಅಲ್ಲಿ ಗೌಂಡಿಯ ಸಾಮಾನು ಇದೆ. ನಮ್ಮ ಹಿರಿಯರು ಕಿವಿಗೆ ಕೇಳುವ ಕೆಲಸವೊಂದನ್ನೇ ಹಚ್ಚಿ ಅದರ ಮರ್ಯಾದೆ ಕಡಿಮೆ ಮಾಡಿದ್ದಾರೆ ಅನಿಸಿತು. ತಲೆಯ ಎರಡೂ ಬದಿಗೆ, ಒಳಗೆ ಕತ್ತಲಲ್ಲಿ, ಯಾರಿಗೂ ಕಾಣದ ಎರಡು ಪುಟ್ಟ ಕೆರೆಗಳು. ಅವುಗಳ ನೀರು ನಿಂತರೆ ನಾವು ನಿಲ್ಲುತ್ತೇವೆ, ಅಲುಗಿದರೆ ಗುಡಿಯ ಕಲ್ಲೂ ಅಲುಗುತ್ತದೆ! ಎಷ್ಟೋ ದಿನ ನಾನು ಈ ಕೆರೆಗಳನ್ನೇ ಕನಸಿನಲ್ಲಿ ಕಂಡೆ. ದಂಡೆಯ ಮೇಲೆ ಬಿಳಿ ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತಿರುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

"ಔಷಧ?" ಎಂದು ಈರಣ್ಣ ಕೇಳಿದ.

"ತಲಿ ತಿರಗಸೂದ ಔಷಧ" ಎಂದರು ಡಾಕ್ಟರು. "ತಿರಗತೈತಿ ಅಂತ ಅಲಗದಂಗ ಕುಂತ್ರ ಅದು ಕಲಿಯೂದ ಇಲ್ಲ. ದಂಡಿನ ದವಾಖಾನ್ಯಾಗ ತಲಿಗೆ ಪೆಟ್ಟಾದ ಸಿಪಾಯಿಗಳಿಗೆ ಇದನ್ನ ಮಾಡಸ್ತಿದ್ವಿ. ಮೆಲ್ಲಕ ಶುರು ಮಾಡ್ರಿ, ತಿರಗಿದ್ರ ತಿರಗಲಿ. ಹತ್ರ ಒಬ್ರು ಇರ್ಲಿ, ಬೀಳದಂಗ ನೋಡ್ಕೊಳ್ಳಾಕ."

ಅವರು ಕಲಿಸಿದ್ದನ್ನು ಕೇಳಿ ನನಗೆ ನಗು ಬಂತು. ಕುಳಿತು ಕಣ್ಣನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸುವುದು. ಬೆರಳನ್ನು ದೂರದಿಂದ ಮೂಗಿನ ಹತ್ತಿರಕ್ಕೆ ತರುತ್ತ ಅದನ್ನೇ ನೋಡುವುದು. ಆಮೇಲೆ ತಲೆ ಬಗ್ಗಿಸುವುದು, ಎತ್ತುವುದು, ಹೊರಳಿಸುವುದು. ಕುಳಿತು ಏಳುವುದು. ಚೆಂಡನ್ನು ಕಣ್ಣಿಗಿಂತ ಎತ್ತರಕ್ಕೆ ಈ ಕೈಯಿಂದ ಆ ಕೈಗೆ ತೂರುವುದು. ಕೊನೆಗೆ ನಡೆಯುವುದು, ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಏರು ಇಳಿಜಾರಿನಲ್ಲಿ. ತೊಟ್ಟಿಲ ಕೂಸಿಗೆ ಕಲಿಸುವುದೆಲ್ಲ ಇದರಲ್ಲಿತ್ತು.

ಹೊರಡುವಾಗ ಡಾಕ್ಟರ ಕಣ್ಣು ಕಂಬದ ಬುಡದ ಪಾರ್ವತಿಯ ಮೇಲೆ ಬಿತ್ತು. ಹತ್ತಿರ ಕುಳಿತು ರೆಪ್ಪೆ ಎತ್ತಿ ನೋಡಿದರು. "ಪೊರಿ ಮಾಗೈತ್ರಿ ಅವ್ವಾರ. ಚಳಿಗಾಲಕ್ಕ ಸವಣೂರಿಗೆ ಕಣ್ಣಿನ ದೊಡ್ಡ ಡಾಕ್ಟರು ಬರ್ತಾರ. ತಗಸೋಣೇನು?"

ಪಾರ್ವತಿ ಯಾವಾಗಲೂ ಹೇಳುವಂತೆ ಬ್ಯಾಡ ಎನ್ನುತ್ತಾಳೆ ಎಂದು ನಾವು ಕಾದೆವು.

"ಇವರು ಕರಕೊಂಡು ಹೋದ್ರ ಬರ್ತೇನಿ" ಎಂದಳು. "ಈರಣ್ಣನ ಕೈ ಹಿಡ್ಕೊಂಡು ನಾ ಬರೂದಿಲ್ಲ. ಇವರು ತಮ್ಮ ಕಾಲ ಮ್ಯಾಲ ತಾವು ನಡೀಲಿ, ನನ್ನ ಕೈ ಹಿಡೀಲಿ. ಅವತ್ತ ನಾ ಪೊರಿ ತಗಸ್ಕೊಂತೇನಿ."

"ಯವ್ವಾ, ಮತ್ತ ಬಿದ್ರ?" ಎಂದ ಈರಣ್ಣ.

"ಬಿದ್ರ ಬೀಳತೇವಿ. ಹಿಂಗ ಕುಂತು ಏನ ಮಾಡೂದೈತಿ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ನಗುವುದನ್ನು ನಿಲ್ಲಿಸಿದೆ.

ಮರುದಿನದಿಂದ ನಮ್ಮ ಕಟ್ಟೆಯ ಮೇಲೆ ನನ್ನ ಶಾಲೆ ಶುರುವಾಯಿತು, ಈ ಸಲ ವಿದ್ಯಾರ್ಥಿ ನಾನೇ. ಚೆಂಡು ಸಿಗಲಿಲ್ಲ; ಆ ಕಾಲದಲ್ಲಿ ರಬ್ಬರೆಲ್ಲ ಯುದ್ಧಕ್ಕೆ ಹೋಗಿತ್ತು, ಇನ್ನೂ ಊರಿಗೆ ಮರಳಿರಲಿಲ್ಲ. ಪಿತ್ತಕ್ಕೆಂದು ತಂದ ಲಿಂಬೆಹಣ್ಣು ಇತ್ತಲ್ಲ, ಅದನ್ನೇ ತೂರಿದೆ. ಮೊದಮೊದಲು ಹಣ್ಣು ನೆಲಕ್ಕೇ ಬೀಳುತ್ತಿತ್ತು, ನಾನು ಕಟ್ಟೆಯನ್ನು ಅಪ್ಪಿಕೊಳ್ಳುತ್ತಿದ್ದೆ. ಎದುರು ಮನೆಯ ಮಲ್ಲಪ್ಪ ಒಂದು ಮುಂಜಾನೆ ನಮ್ಮ ಚಕ್ಕಡಿ ಕೇಳಲು ಬಂದ. ನಾನು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದ ಹೊತ್ತು. ಕೇಳುತ್ತಿದ್ದ ಹಾಗೆಯೇ ಅವನ ಮುಖ ಸಣ್ಣದಾಯಿತು, ತಿರುಗಿ ಹೋಗಿಬಿಟ್ಟ. ನೀಲವ್ವ ಓಡಿಹೋಗಿ ಸಮಾಧಾನ ಮಾಡಬೇಕಾಯಿತು. ಆಮೇಲೆ ಆತ ಜಾಣನಾದ. ಏನಾದರೂ ಕೇಳುವುದಿದ್ದರೆ ನಾನು ತಲೆಯನ್ನು ಮೇಲೆ ಕೆಳಗೆ ಮಾಡುವ ಹೊತ್ತನ್ನೇ ನೋಡಿ ಬರುತ್ತಿದ್ದ.

ಕುಳಿತು ಮಾಡುವುದೆಲ್ಲ ಹೇಗೋ ಹಿಡಿತಕ್ಕೆ ಬಂತು. ಕಣ್ಣು ತೆರೆದು ನಡೆಯುವುದೂ ಬಂತು. ಕಣ್ಣು ಮುಚ್ಚಿ ನಡೆಯುವುದು ಮಾತ್ರ ಆಗಲೊಲ್ಲದು. ರೆಪ್ಪೆ ಮುಚ್ಚಿದ ಕೂಡಲೇ ನೆಲ ಜಾರುತ್ತಿತ್ತು. ಬೀಳುವೆನೆಂಬ ಹೆದರಿಕೆಯಲ್ಲಿ ನಾನು ಕಾಲನ್ನು ಅಪ್ಪಳಿಸಿ ಇಡುತ್ತಿದ್ದೆ. ಒಂದು ಮಧ್ಯಾಹ್ನ ಈ ಸಪ್ಪಳವನ್ನು ಕೇಳಿ ಕೇಳಿ ಪಾರ್ವತಿ ಕಂಬದ ಬುಡದಿಂದ ಎದ್ದು ಬಂದಳು. ಮುಂಗೈ ಮುರಿದ ಮೇಲೆ ಯಾರೂ ಹೇಳದೆ ಅವಳು ಎದ್ದದ್ದು ಅದೇ ಮೊದಲು.

"ಯಾಕ ಹಂಗ ನೆಲಾ ಒದೀತೀರಿ? ಅದೇನ ಮಾಡೈತಿ ನಿಮಗ?" ಎಂದಳು. ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಹಿಮ್ಮಡಾ ಮೊದಲ ಊರ್ರಿ. ಮೆಲ್ಲಕ. ಈಗ ಗಾಳಿ ಯಾವ ಕಡಿಂದ ಬಂತು?"

ಗಾಳಿ ಬಂದಿತ್ತೇ? ನಾನು ನಿಂತು ನೋಡಿದೆ. ನೋಡಿದೆ ಎನ್ನಬಾರದು. ನಿಂತೆ. ಎಡಗೆನ್ನೆಗೆ ತಣ್ಣಗೆ ಒಂದಿಷ್ಟು ತಾಗಿತು. "ಅದು ಹಿತ್ತಲ ಬಾಗಿಲಾ" ಎಂದಳು. "ಅದನ್ನ ಎಡಕ್ಕ ಇಟ್ಕೊಂಡು ನಡೀರಿ."

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಅರೆನಿದ್ದೆಯ ಸುಖ ಬರುತ್ತದೆ. ನಾನು ಹುಟ್ಟಿ ಬೆಳೆದ ಮನೆಯದು. ಅದರೊಳಗೆ ಇನ್ನೊಂದು ಮನೆ ಇತ್ತೆಂದು ನನಗೆ ತಿಳಿದಿರಲಿಲ್ಲ. ನೀರಿನ ಕೊಡಗಳ ಹತ್ತಿರ ಬಂದರೆ ಮೊಣಕಾಲಿಗೆ ತಂಪು ಹತ್ತುತ್ತಿತ್ತು. ಇನ್ನೆರಡು ಹೆಜ್ಜೆ ಹಾಕಿದರೆ ಜೋಳದ ಚೀಲಗಳ ಒಣ ವಾಸನೆ. ಅಲ್ಲಿ ನಮ್ಮ ಹೆಜ್ಜೆಯ ಸದ್ದು ದಪ್ಪಗಾಗುತ್ತಿತ್ತು. ಅಡಿಗೆಮನೆಯ ಬಾಗಿಲಿಗೆ ಹಣೆ ಬೆಚ್ಚಗಾಗುವುದು. ನೆಲ ಎಲ್ಲ ಕಡೆ ಒಂದೇ ಎಂದುಕೊಂಡಿದ್ದೆ, ಆದರೆ ಸಾರಿಸಿದ ನೆಲಕ್ಕೆ ನಡುವೆ ಸಣ್ಣ ತಗ್ಗು, ಅಂಚಿಗೆ ಸಣ್ಣ ಏರು. ಅದೆಲ್ಲ ಪಾರ್ವತಿಯ ಅಂಗಾಲಿಗೆ ಗೊತ್ತಿತ್ತು. ಇಷ್ಟು ದಿನ ನಾನು ಅವಳಿಗೆ ನನ್ನ ಲೋಕದ ಸುದ್ದಿ ಹೇಳುತ್ತಿದ್ದೆ. ಅವಳ ಲೋಕದ ಸುದ್ದಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅಲ್ಲಿ ಎಲ್ಲವೂ ಹತ್ತಿರ ಬಂದು ತಮ್ಮ ಗುರುತು ಹೇಳುತ್ತಿದ್ದವು. ಅಲ್ಲಿ ನಡೆಯುತ್ತ ನಡೆಯುತ್ತ ಒಂದು ದಿನ ನೆಲ ಜಾರುವುದನ್ನು ಮರೆಯಿತು. ಯಾವತ್ತು ಎಂದು ನನಗೂ ಗೊತ್ತಾಗಲಿಲ್ಲ. ಪಾರ್ವತಿ ಕೈ ಬಿಟ್ಟಿದ್ದಳು; ನಾನು ಒಬ್ಬನೇ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದೆ.

ಚಳಿಗಾಲ ಬಂತು. ಸವಣೂರಿನ ಬಸ್ಸು ಹತ್ತಿದೆವು. ಈರಣ್ಣನೂ ಜೊತೆಗಿದ್ದ. ಅದು ಇದ್ದಲಿ ಬಸ್ಸು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸಿನ ಬೆನ್ನಿಗೆ ಒಲೆಯಂಥ ಪೀಪಾಯಿ ಕಟ್ಟಿ, ಇದ್ದಲಿಯ ಹೊಗೆಯಿಂದಲೇ ಓಡಿಸುತ್ತಿದ್ದರು. ಬಂಕಾಪುರದ ಆಚೆ ಒಂದು ಏರಿನಲ್ಲಿ ಅದು ಉಸಿರು ಬಿಟ್ಟು ನಿಂತಿತು. "ಎಲ್ಲಾರೂ ಇಳೀರಿ, ಮ್ಯಾಲ ಹತ್ತಗೊಂತೀರಂತ" ಎಂದ ಕಂಡಕ್ಟರ. ಜನ ಇಳಿದು ನಡೆಯತೊಡಗಿದರು. ಈರಣ್ಣ ಅವ್ವನ ಕಡೆ ಕೈ ಚಾಚಿದ. ಅವಳು ಕೈ ಕೊಡದೆ ನಿಂತಳು. ನಾನು ಹಿಡಿದುಕೊಂಡೆ.

ಎರಡೂ ಬದಿಗೆ ತೆನೆಗಟ್ಟಿದ ಜೋಳ, ಅದರ ಮೇಲೆ ಇನ್ನೂ ಹರಿಯದ ಮಂಜು. ಮುಂದೆ ಬಸ್ಸು ಹೊಗೆ ಬಿಡುತ್ತ ತೇಲಿಹೋಗುತ್ತಿತ್ತು. ಏರಿನ ನಡುವೆ ಒಮ್ಮೆ ನನ್ನ ಹಳೆಯ ದೋಣಿ ಅಲುಗಿತು. ಆಕಾಶ ಒಂದು ಮಗ್ಗುಲಿಗೆ ವಾಲಿತು. ನಾನು ನಿಂತೆ.

"ಹೆಜ್ಜಿ ಸಣ್ಣದು ಮಾಡ್ರಿ" ಎಂದಳು ಪಾರ್ವತಿ, ಮೆಲ್ಲಗೆ, ಹಿಂದೆ ಬರುತ್ತಿದ್ದ ಈರಣ್ಣನಿಗೆ ಕೇಳದ ಹಾಗೆ. ಸಣ್ಣದು ಮಾಡಿದೆ. ಆಕಾಶ ಸರಿಯಾಗಿ ಕುಳಿತಿತು.

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಏನ ಕಾಣಾಕತ್ತೈತಿ?"

"ಈಗ ಮಾತಾಡಸಬ್ಯಾಡ, ನಡಿಯಾಕತ್ತೇನಿ" ಎಂದೆ. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ಏರಿನ ನೆತ್ತಿಯಲ್ಲಿ ಬಸ್ಸು ನಮಗಾಗಿ ಕಾದಿತ್ತು.

ಸವಣೂರಿನಲ್ಲಿ ಕಣ್ಣಿನ ಡಾಕ್ಟರು ಅವಳ ಪೊರೆ ತೆಗೆದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು, ಕೂದಲೆಳೆಯಷ್ಟೂ ಅಲುಗಬಾರದೆಂದು ತಾಕೀತು ಮಾಡಿದರು. ನನಗೆ ತಲೆ ಆಡಿಸುವುದು ಔಷಧ, ಅವಳಿಗೆ ಆಡಿಸದಿರುವುದು. ನಾನು ಪಕ್ಕದಲ್ಲಿ ಕುಳಿತು ಕಿಟಕಿಯಾಚೆಯ ದೊಡ್ಡ ಹುಣಸೆಮರದ ಸುದ್ದಿ ಹೇಳಿದೆ. ಹೆಸರಿಗೆ ಹುಣಸೆ, ಜಾತಿಯೇ ಬೇರೆ; ನೋಡಿದರೆ ನಾಲ್ಕಾರು ಆನೆಗಳು ಮೈಗೆ ಮೈ ತಾಗಿಸಿ ನಿದ್ದೆಹೋದಂಥ ಬೊಡ್ಡೆ. ಈ ಸಲ ಏನನ್ನೂ ಸೇರಿಸಲಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಅವಳೇ ನೋಡುವವಳಿದ್ದಳು.

ಪಟ್ಟಿ ಬಿಚ್ಚಿದರು, ಊರಿಗೆ ಬಂದೆವು. ಕೆಲವು ವಾರಗಳ ಮೇಲೆ ದಪ್ಪ ಹರಳಿನ ಕನ್ನಡಕ ಬಂತು. ಮನೆಯವರೆಲ್ಲ ಸುತ್ತ ನಿಂತಿದ್ದೆವು. ಪಾರ್ವತಿ ಅದನ್ನು ಏರಿಸಿಕೊಂಡು ಒಂದು ಹೆಜ್ಜೆ ಇಟ್ಟಳು, ಚೀರಿ ಕಂಬವನ್ನು ತಬ್ಬಿಕೊಂಡಳು.

"ನೆಲಾ ಮ್ಯಾಲ ಬರಾಕತ್ತೈತಿ! ಬಾಗಲಾ ಬಗ್ಗೈತಿ!"

ಕನ್ನಡಕವನ್ನು ಕಿತ್ತು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟಳು. ಅದಿಲ್ಲದಿದ್ದರೆ ಎಲ್ಲವೂ ಬರೀ ಬಣ್ಣದ ನೀರು. ಅದಿದ್ದರೆ ಎಲ್ಲವೂ ಎದ್ದು ಮೈಮೇಲೆ ಬರುತ್ತವೆ. "ಇದ್ದ ಕತ್ತಲೀನ ಚಲೋ ಇತ್ತು" ಎಂದಳು. ಕತ್ತಲಲ್ಲಿ ಅಷ್ಟು ನಿರಾಳವಾಗಿ ನಡೆಯುತ್ತಿದ್ದವಳು ಈಗ ಬೆಳಕಿನಲ್ಲಿ ಗೋಡೆ ಹಿಡಿದು ನಡೆದಳು. ನನಗೆ ಅದನ್ನು ನೋಡಲಾಗಲಿಲ್ಲ.

ಮಿಲಿಟರಿ ಡಾಕ್ಟರು ಸಂತೆಗೆ ಬಂದಾಗ ಕೇಳಿದೆ. ಹೊಸ ಕಣ್ಣಿಗೂ ಹಳೆಯ ರಸಮಟ್ಟಕ್ಕೂ ಇನ್ನೂ ಪರಿಚಯವಾಗಿಲ್ಲ, ಅಷ್ಟೇ ಎಂದರು. "ಹೆಂಗ ಪರಿಚಯ ಮಾಡಸೂದು ಅಂತ ನಿಮಗ ಗೊತ್ತೈತಲ್ಲ ಮಾಸ್ತರ" ಎಂದು ನಕ್ಕು ಹೋದರು.

ಮರುದಿನ ಕನ್ನಡಕವನ್ನು ಮಾಡದಿಂದ ತೆಗೆದು, ಒರೆಸಿ, ಅವಳನ್ನು ಅಂಗಳದಲ್ಲಿ ನನ್ನ ಎದುರು ಕೂರಿಸಿಕೊಂಡೆ. "ನಡಿಯೂದು ಬ್ಯಾಡ. ಕುಂತಲ್ಲೇ ನನ್ನ ಬೆರಳ ಒಂದ ನೋಡು" ಎಂದೆ. ಅವಳು ಹಲ್ಲು ಕಚ್ಚಿ ನೋಡುವಳು, ಅರೆಗಳಿಗೆಯಲ್ಲಿ ಕಣ್ಣು ಬಿಗಿದು ಮುಚ್ಚಿಕೊಳ್ಳುವಳು. ಅಂಗಳವೇ ತಿರುಗುತ್ತದೆ ಎಂದು ನನ್ನನ್ನು ಬೈಯುವಳು. ಬೈಗುಳ ನ್ಯಾಯವಾದದ್ದೇ ಎಂದು ನನಗೆ ಗೊತ್ತಿತ್ತು. ಆದರೂ ದಿನಾ ಬಂದು ಕೂರುವಳು. ಕಣ್ಣು ತೆರೆದಿರುವ ಹೊತ್ತು ಸ್ವಲ್ಪಸ್ವಲ್ಪವೇ ಉದ್ದವಾಯಿತು. ಯುಗಾದಿಯ ಹೊತ್ತಿಗೆ, ಬೇವು ಹೂಬಿಟ್ಟ ಒಂದು ಮುಂಜಾನೆ, ಬೆರಳು ದೂರಕ್ಕೆ ಹೋದರೆ ಅವಳ ನೋಟವೂ ಹೋಗುತ್ತಿತ್ತು, ಹತ್ತಿರ ಬಂದರೆ ಬರುತ್ತಿತ್ತು. ಹರಳಿನ ಹಿಂದೆ ಅವಳ ಕಣ್ಣು ದೊಡ್ಡದಾಗಿ, ಮದುವೆಯ ದಿನ ಕಂಡದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಬೆರಳನ್ನು ನನ್ನ ಮೂಗಿನವರೆಗೆ ಎಳೆದುಕೊಂಡು ಮತ್ತೆ ಪಕ್ಕಕ್ಕೆ ಒಯ್ದೆ. ಈ ಸಲ ನೋಟ ಪಕ್ಕಕ್ಕೆ ಹೋಗಲಿಲ್ಲ.

"ಬೆರಳ ನೋಡು" ಎಂದೆ.

"ಬೆರಳ ಆಮ್ಯಾಲೆ ನೋಡತೇನಿ. ನೀವು ಅಲಗಾಡಬ್ಯಾಡ್ರಿ ಸ್ವಲ್ಪ."

ಕೈ ಇಳಿಸಿ ಕುಳಿತೆ. ಅವಳು ನನ್ನ ನೆತ್ತಿಯಿಂದ ಗದ್ದದವರೆಗೆ, ಗದ್ದದಿಂದ ನೆತ್ತಿಯವರೆಗೆ, ಅವಸರವಿಲ್ಲದೆ ನೋಡಿದಳು.

"ಹುಬ್ಬು ಸೈತ ಬೆಳ್ಳಗಾಗ್ಯಾವ" ಎಂದಳು. "ಇದನ್ನ ಹೇಳಲೇ ಇಲ್ಲಲ್ಲ ನನಗ."

"ನನಗೂ ಗೊತ್ತಿರಲಿಲ್ಲ" ಎಂದೆ. ಅದು ನಿಜವೇ.

ಒಳಗಿನಿಂದ ನೀಲವ್ವ, ರೊಟ್ಟಿ ಆರಾಕತ್ತಾವ ಎಂದು ಕೂಗಿದಳು. ಕೈ ಕೈ ಹಿಡಿದು ಎದ್ದು ಹೋಗಲು ನಮ್ಮಿಬ್ಬರಿಗೂ ಈಗ ಯಾವ ತೊಂದರೆಯೂ ಇರಲಿಲ್ಲ. ಆದರೂ ಏಳಲಿಲ್ಲ.